ಹಿತ್ತಿಲಿನ ಮಣ್ಣಿನ ಮುದ್ದೆ

ಮದುವೆ ಆರತಕ್ಷತೆಯಲ್ಲಿ ಆರ್ಕೆಸ್ಟ್ರಾದವರು ಕಾಫಿಗೆ ಎದ್ದು ಹೋದಾಗ ಮೈಕು ಹಿಡಿದು ಕೋಳಿ, ಎಮ್ಮೆ, ಬಸ್ ಕಂಡಕ್ಟರು, ಎಲೆಕ್ಷನ್ನಿನಲ್ಲಿ ಸೋತವನು ಎಲ್ಲರ ದನಿಯಲ್ಲೂ ಮಾತಾಡಿ, ಊಟದ ಮನೆಯ ಕಡೆಗೆ ಕುತ್ತಿಗೆ ಉದ್ದ ಮಾಡಿದ ಜನರನ್ನು ಇನ್ನೊಂದಿಷ್ಟು ಹೊತ್ತು ಕುರ್ಚಿಗೆ ಅಂಟಿಸಿಡುವವನೊಬ್ಬ ಇರುತ್ತಾನಲ್ಲ, ಅವನೇ ನಾನು. ಆಷಾಢದಲ್ಲಿ ಮದುವೆಗಳಿಲ್ಲ. ಆದ್ದರಿಂದ ಆಷಾಢದಲ್ಲಿ ನಾನೂ ಇಲ್ಲ. ಹುಲ್ಲಹಳ್ಳಿಯ ಪಕ್ಕದ ನಮ್ಮೂರಿನಲ್ಲಿ ಬನಿಯನ್ ಹಾಕಿಕೊಂಡು ಜಗಲಿಯ ಮೇಲೆ ಕೂತು, ಹೋಗಿ ಬರುವವರ ನಡಿಗೆ ಕಲಿಯುತ್ತಿರುತ್ತೇನೆ.

ಅಂಥದೊಂದು ಆಷಾಢಕ್ಕೆ ಸರಿಯಾಗಿ ಅಕ್ಕ ಎರಡನೆಯ ಹೆರಿಗೆಗೆ ಬಂದು ನಮ್ಮ ಮನೆಯಲ್ಲಿ ಬಾಣಂತಿಯಾಗಿ ಮಲಗಿದ್ದಳು. ಅವಳ ಮೊದಲನೆಯ ಮಗ, ಎರಡೂವರೆ ವರ್ಷದವನು, ಜೊತೆಗೇ ಬಂದಿದ್ದ.

"ಎಂಗಿದ್ರೂ ಖಾಲಿ ಕೂತಿದ್ದೀಯ, ಮೊಗ ನೋಡ್ಕೊ" ಎಂದಳು ಅಮ್ಮ.

"ನಾನೇನು ಆಯಾನಾ?"

"ಆಯಾಗಾದ್ರೆ ಸಂಬಳ ಕೊಡ್ಬೇಕು ಕಣ್ಲಾ."

ಇಷ್ಟು ಹಗುರವಾಗಿ ಶುರುವಾದ ಕೆಲಸ ಎರಡು ದಿನದಲ್ಲಿ ಭಾರವಾಯಿತು. ಆ ಹುಡುಗ ಮಾತು ನಿಲ್ಲಿಸಿಬಿಟ್ಟಿದ್ದ. ಬರುವಾಗ ಬಸ್ಸು ಕಂಡರೆ "ಬಚ್ಚು" ಅನ್ನುತ್ತಿದ್ದ, ನನ್ನನ್ನು ಕಂಡರೆ "ಮಾಮ ಬಾ" ಅನ್ನುತ್ತಿದ್ದ. ಅಕ್ಕ ಹೊಸ ಕೂಸನ್ನು ಪಕ್ಕದಲ್ಲಿ ಮಲಗಿಸಿಕೊಂಡು ಕೋಣೆ ಸೇರಿದ ಮೇಲೆ ಒಂದು ಮಾತಿಲ್ಲ. ಒಂದು ಸಲ ಒಳಗೆ ನುಗ್ಗಿ ಎಳೆಕೂಸಿನ ಕೆನ್ನೆಗೆ ಬಾರಿಸಿದ. ಅಂದಿನಿಂದ ಕೋಣೆಗೆ ಚಿಲಕ ಬಿತ್ತು. ಅವನು ಆ ಬಾಗಿಲ ಹೊರಗೆ ನಿಂತು, ಸಾಂಬ್ರಾಣಿ ಹೊಗೆ ಬರುವ ಸಂದಿಯನ್ನೇ ನೋಡುತ್ತಿದ್ದ. ಅಳುತ್ತಿರಲಿಲ್ಲ. ಅತ್ತಿದ್ದರೆ ನಮಗೆ ವಾಸಿಯಾಗುತ್ತಿತ್ತು. ಮೊಸರನ್ನ ನಾಲ್ಕು ತುತ್ತು ತಿಂದರೆ ಅದೇ ಹಬ್ಬ.

ಇದೆಲ್ಲ ಪ್ರತಿ ಸಂಜೆ ಸೋಸಲೆಗೆ ವರದಿಯಾಗಬೇಕಿತ್ತು. ಸೋಸಲೆ ಅತ್ತೆ ಎಂದರೆ ಅಕ್ಕನ ಅತ್ತೆ, ನಮ್ಮಮ್ಮನಿಗೆ ಬೀಗಿತ್ತಿ. ಅವರ ಫೋನು ಬಂದರೆ ಅಮ್ಮ ಸೆರಗು ಸರಿಮಾಡಿಕೊಂಡೇ ಎತ್ತುತ್ತಿದ್ದಳು, ಅದು ವಿಡಿಯೋ ಕಾಲ್ ಅಲ್ಲದಿದ್ದರೂ. ಅತ್ತೆ 'ಹಲೋ' ಅನ್ನುವವರಲ್ಲ. ಮೂಗಿನಿಂದ ಎಳೆದು, "ಒಸಿ ಕೇಳಿಲ್ಲಿ" ಎಂದೇ ಶುರು.

"ಒಸಿ ಕೇಳಿಲ್ಲಿ. ಮೊಗ ಮಾತಾಡ್ತಾ?"

"ಇಲ್ಲ ಬೀಗಿತೇರೇ."

"ಉಂಡ್ತಾ?"

"ಒಸಿ ಉಂಡ."

"ನಾನು ಭಾನ್ವಾರ ಬತ್ತೀನಿ. ಇಂಗೇ ಇದ್ರೆ ಅವನ್ನ ಕರ್ಕಂಡೋಗ್ತೀನಿ. ನೀವು ಎಳೆಕೂಸು ನೋಡ್ಕಳಿ, ದೊಡ್ಡೋನ್ನ ನಾನು ನೋಡ್ಕತೀನಿ. ಮೂರ್ ತಿಂಗಳು ಕಳುದ್ ಮ್ಯಾಕೆ ಅವ್ನೇ ಅವ್ರಮ್ಮನ್ ತವ ಸೇರ್ಕತಾನೆ."

ಫೋನು ಸ್ಪೀಕರಿನಲ್ಲಿತ್ತು. ಅಕ್ಕ ಕೋಣೆಯ ಒಳಗಿಂದಲೇ ಕೇಳಿಸಿಕೊಂಡಳು. ನಾನು ಹಾಲಿನ ಲೋಟ ಕೊಡಲು ಹೋದಾಗ ಗೋಡೆಯ ಕಡೆ ತಿರುಗಿ ಮಲಗಿದ್ದಳು. "ತಮ್ಮ ಬಂದ, ಅಮ್ಮ ನನ್ನ ಕೊಟ್ಬುಟ್ಳು ಅನ್ಕತಾನೆ ಕಣ್ಲಾ ಅವ್ನು" ಎಂದಳು. "ಇವಾಗ ಕರ್ಕೊಂಡೋದ್ರೆ ಆ ಮೊಗ ನಂಗೆ ಮತ್ತೆ ಸಿಗಲ್ಲ. ಏನಾದ್ರೂ ಮಾಡ್ಲಾ. ಊರೋರ್ನೆಲ್ಲ ನಗಿಸ್ತೀಯ, ಅವನೊಬ್ಬ ಬಾಯಿ ಬುಡಂಗೆ ಮಾಡಕ್ಕಾಗಲ್ವಾ?"

ನಾನು ತಕ್ಷಣ ಅತ್ತೆಯ ದನಿ ತೆಗೆದೆ. "ಒಸಿ ಕೇಳಿಲ್ಲಿ. ಸೊಸೆ ಉಂಡ್ಳಾ?" ಅಕ್ಕ ಹೊದಿಕೆಯನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ಅತ್ತೆಯದು ನನ್ನ ಬಳಿ ಇರುವ ಅತ್ಯುತ್ತಮ ಐಟಂ. ಸ್ಟೇಜಿನಲ್ಲಿ ಮಾಡಲು ಇಂದಿಗೂ ಧೈರ್ಯವಿಲ್ಲ. ತಿರುಗಿ ನೋಡಿದರೆ ಹುಡುಗ ಬಾಗಿಲ ಬಳಿ ನಿಂತು ನಮ್ಮಿಬ್ಬರನ್ನೂ ನೋಡುತ್ತಿದ್ದ. ಅವನು ನಗಲಿಲ್ಲ.

ಮನೆಯೊಳಗೆ ಇವನನ್ನು ಇಟ್ಟುಕೊಂಡರೆ ಆ ಬಾಗಿಲ ಮುಂದೆಯೇ ಬೇರು ಬಿಡುತ್ತಾನೆ ಅನ್ನಿಸಿ ಹಿತ್ತಿಲಿಗೆ ಎತ್ತಿಕೊಂಡು ಹೋದೆ. ನಮ್ಮ ಹಿತ್ತಿಲು ನೋಡುವಂಥದ್ದಲ್ಲ. ಬಚ್ಚಲ ನೀರು ಹರಿದು ಬಾಳೆಯ ಬುಡದಲ್ಲಿ ಸದಾ ಕೆಸರು. ಒಂದು ಒಗೆಯುವ ಕಲ್ಲು, ಒಂದು ನುಗ್ಗೆಮರ, ಗೋಡೆಯ ಪಕ್ಕ ತಾನಾಗಿ ಹುಟ್ಟಿದ ಹರಳು ಗಿಡ. ಎಳೆಕೂಸಿನ ನೆತ್ತಿಗೆ ಮನೆಯ ಹರಳೆಣ್ಣೆಯೇ ಆಗಲಿ ಎಂದು ಅಮ್ಮ ಅದನ್ನು ಬಿಟ್ಟುಕೊಂಡಿದ್ದಳು. ಇವೆಲ್ಲದರ ಮೇಲೆ ಕೋಳಿಗಳ ಸರ್ಕಾರ.

ಕೆಳಗೆ ಇಳಿಸಿದರೆ ಹುಡುಗ ಒಂದು ಕಾಲು ಎತ್ತಿ ಕೊಕ್ಕರೆಯಂತೆ ನಿಂತ. ಇನ್ನೊಂದನ್ನೂ ಎತ್ತುವ ಯೋಚನೆ ಅವನಿಗಿತ್ತು, ದಾರಿ ಹೊಳೆಯಲಿಲ್ಲ. ಅವನ ತಪ್ಪಲ್ಲ. ಸೋಸಲೆಯಲ್ಲಿ ಭಾವ ಹೊಸ ಮನೆ ಕಟ್ಟಿಸಿ ಅಂಗಳಕ್ಕೂ ಟೈಲ್ಸ್ ಹಾಕಿಸಿದ್ದಾರೆ. ಹಾಕಿಸಿದ್ದು ಅತ್ತೆಯ ಹಟಕ್ಕೆ. ಹೊಳೆ ಪಕ್ಕದ ಗದ್ದೆಯಲ್ಲಿ ನಾಟಿ ಮಾಡಿ ಮಾಡಿ ಅವರ ಹಿಮ್ಮಡಿಯಲ್ಲಿ ಬೆರಳು ತೂರುವಷ್ಟು ಬಿರುಕು. "ನನ್ ಕಾಲ್ ನೋಡಿ. ನನ್ ಮೊಮ್ಮಗನ್ ಕಾಲ್ಗೆ ಮಣ್ ಮೆತ್ಬಾರ್ದು" ಎಂದು ಗೃಹಪ್ರವೇಶದಲ್ಲಿ ಊಟಕ್ಕೆ ಕೂತವರ ಎದುರೇ ಹೇಳಿದ್ದರು. ಅದನ್ನು ನಾನು ಅಣಕ ಮಾಡಿ ನಗಿಸಿದ್ದೇನೆ, ಆದರೆ ಕಾಲು ನೋಡಿದವನಿಗೆ ಪೂರ್ತಿ ನಗು ಬರುವುದಿಲ್ಲ.

ಹುಡುಗನನ್ನು ಒಗೆಯುವ ಕಲ್ಲಿನ ಮೇಲೆ ನಿಲ್ಲಿಸಿ, ಅವನನ್ನು ಕರೆಯದೆ ನಾನೊಬ್ಬನೇ ಕೆಸರಿಗಿಳಿದೆ. ಇಪ್ಪತ್ನಾಲ್ಕು ವರ್ಷದ ಗಂಡಸು ಬಾಳೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಎರೆಹುಳದ ಜೊತೆ ಮಾತಾಡುವುದನ್ನು ಪಕ್ಕದ ಮನೆಯವರು ಗೋಡೆ ಮೇಲಿಂದ ನೋಡಿದರು. ಕೋಳಿಯಂತೆ ಕೆದಕಿದೆ, ಎಮ್ಮೆಯಂತೆ ಹೊರಳಿದೆ. ಅವನು ಕಲ್ಲಿನಿಂದ ಇಳಿಯಲಿಲ್ಲ. ಮಾರನೆಯ ದಿನವೂ ಅಷ್ಟೆ. ಆಮೇಲೊಂದು ದಿನ ಕಲ್ಲಿನ ಅಂಚಿಗೆ ಬಂದು ಕೂತು, ತೋರುಬೆರಳಿನ ತುದಿಯನ್ನು ಕೆಸರಿಗೆ ತಾಗಿಸಿದ. ತಕ್ಷಣ ಬೆರಳನ್ನು ನನ್ನ ಮುಂದೆ ಹಿಡಿದ. ಒರೆಸು ಅಂತ. ಮುಖ ಆಗಲೇ ಅಳುವಿಗೆ ರೆಡಿಯಾಗಿತ್ತು. ಬಟ್ಟೆ ಕೈಗೆ ಸಿಗಲಿಲ್ಲ. ನಾನು ಆ ಬೆರಳನ್ನು ನನ್ನ ಕೆನ್ನೆಗೇ ಒರೆಸಿಕೊಂಡೆ. ಅವನು ಕೆನ್ನೆ ನೋಡಿದ, ಬೆರಳು ನೋಡಿದ. ಮತ್ತೆ ಕೆಸರಿಗೆ ಅದ್ದಿದ. ಇನ್ನೊಂದು ಕೆನ್ನೆ. ಮೂಗು. ಹಣೆ. ಅಂದು ಸಂಜೆ ಅಮ್ಮ ನನ್ನನ್ನು ಕಂಡು, "ಅಯ್ಯೋ, ಯಾರ್ ನೀನು?" ಎಂದದ್ದು ನಟನೆಯಲ್ಲ.

ಆಮೇಲೆ ಕಾಲು ಇಳಿಯಿತು, ಕುಂಡೆಯೂ ಇಳಿಯಿತು. ಬಸವನಹುಳು ಕೊಂಬು ಒಳಗೆಳೆದುಕೊಂಡರೆ ಅದು ಮತ್ತೆ ತೆಗೆಯುವವರೆಗೆ ಉಸಿರು ಬಿಗಿಹಿಡಿದು ಕಾಯುವುದು, ಬಾಳೆಯ ಒಣ ಎಲೆ ಹರಿದು ನೀರಿನಲ್ಲಿ ತೇಲಿಸುವುದು, ಇರುವೆ ಸಾಲಿಗೆ ಅಡ್ಡ ಕಡ್ಡಿ ಇಟ್ಟು ಅವುಗಳ ಕಷ್ಟ ನೋಡುವುದು, ಎಲ್ಲ ಬಂತು. ಮಾತು ಮಾತ್ರ ಬರಲಿಲ್ಲ. ಭಾನುವಾರ ಹತ್ತಿರ ಬರುತ್ತಿತ್ತು.

ಆಗ ಹುಟ್ಟಿದ್ದು ಮುದ್ದೆ ಆಟ. ಕೆಸರನ್ನು ಎರಡೂ ಅಂಗೈಯಲ್ಲಿ ಉರುಳಿಸಿ ಮುದ್ದೆ ಕಟ್ಟಿ, ಬಾಳೆ ಎಲೆಯ ಮೇಲಿಟ್ಟು, ನಾನು ನಮ್ಮಪ್ಪನಾಗಿ ಉಣ್ಣುತ್ತಿದ್ದೆ. ಅಪ್ಪ ಮುದ್ದೆ ಉಣ್ಣುವುದನ್ನು ನೋಡಬೇಕು. ಚಕ್ಕಳಮಕ್ಕಳ ಹಾಕಿ, ಒಂದು ಕೆಮ್ಮು ಕೆಮ್ಮಿ, ಮುರಿದ ತುತ್ತನ್ನು ಸಾರಿನಲ್ಲಿ ಉರುಳಿಸಿ, ಬಾಯಿಗೆಸೆದು, ಗಂಟಲ ಗಂಟು ಒಮ್ಮೆ ಮೇಲೆ ಹೋಗಿ ಕೆಳಗಿಳಿದರೆ: ಗುಳುಂ. ನಮ್ಮ ಕಡೆ ಮುದ್ದೆ ಅಗಿಯುವುದಿಲ್ಲ. ಮಕ್ಕಳು ಅಗಿದರೆ, "ಏನ್ಲಾ, ದನ ಮೆಲುಕಾಕ್ದಂಗೆ! ಅಗೀಬ್ಯಾಡ, ನುಂಗು" ಅಂತ ಬೈಸಿಕೊಳ್ಳುತ್ತಾರೆ. ಮಣ್ಣಿನ ಮುದ್ದೆಯಾದ್ದರಿಂದ ನಾನು ಸ್ಟೇಜಿನ ಉಪಾಯ ಹೂಡಿದೆ. ತುತ್ತು ಬಾಯಿಯ ತನಕ ಬರುತ್ತದೆ, ಗಂಟಲಲ್ಲಿ ಗುಳುಂ, ಅಷ್ಟರಲ್ಲಿ ಕೈ ಕಿವಿಯ ಪಕ್ಕದಿಂದ ಹಿಂದಕ್ಕೆ ಹೋಗಿ ತುತ್ತನ್ನು ಕುತ್ತಿಗೆಯ ಹಿಂದೆ ಅಂಗಿಯೊಳಗೆ ಇಳಿಸಿಬಿಡುತ್ತದೆ. ಎದುರಿನವರು ಬಾಯನ್ನೇ ನೋಡುತ್ತಿರುವುದರಿಂದ ಕೈ ಎಲ್ಲಿ ಹೋಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ.

ಹುಡುಗ ಅದನ್ನು ಕಲಿತ. ನನಗಿಂತ ಚೆನ್ನಾಗಿ ಕಲಿತ. "ಗುಳುಂ" ಅವನ ಬಾಯಿಂದ ಬಂದ ಮೊದಲ ಸದ್ದು. ಅಪ್ಪನ ಕೆಮ್ಮೂ ಬಂತು. ರಾತ್ರಿ ಅಪ್ಪನ ತಟ್ಟೆಯ ನಿಜವಾದ ಮುದ್ದೆಯನ್ನೂ ಉಂಡ. ನಾನು ಓಡಿಹೋಗಿ ಅಕ್ಕನಿಗೆ ಹೇಳಿದೆ. "ಮಾತಾಡಿದ್ನಾ?" ಎಂದಳು. "ಗುಳುಂ ಅಂದ." "ಅದು ಮಾತೇನ್ಲಾ?" ಅವಳ ಪ್ರಶ್ನೆ ನ್ಯಾಯವಾದದ್ದೇ. ಅತ್ತೆಗೆ ಗುಳುಂ ತೋರಿಸಿ ಮಗುವನ್ನು ಉಳಿಸಿಕೊಳ್ಳಲಾಗುತ್ತಿರಲಿಲ್ಲ.

ಅತ್ತೆ ಭಾನುವಾರ ಬರುತ್ತೇನೆಂದವರು ಶನಿವಾರವೇ ಬಂದರು. ನಂಜನಗೂಡಿನಲ್ಲಿ ಬಸ್ಸು ಬದಲಿಸಿ, ಸ್ಟಾಪಿನಿಂದ ನಡೆದು, ಹತ್ತಿರವಾಗುತ್ತದೆಂದು ನಮ್ಮ ಹಿತ್ತಿಲ ಕಡೆಯ ದಾರಿಯಲ್ಲೇ. ಆ ಹೊತ್ತಿಗೆ ನಾನು ಹಿತ್ತಿಲಿನಲ್ಲಿ ಇರಲಿಲ್ಲ. ಅಕ್ಕನ ಸ್ನಾನಕ್ಕೆ ಹಂಡೆಯಿಂದ ಬಿಸಿನೀರು ತೋಡಿ ಕೊಡು ಎಂದು ಅಮ್ಮ ಕೂಗಿದ್ದಳು. ಎರಡು ಬಿಂದಿಗೆ, ಅಷ್ಟೆ. ಹಿಂದಕ್ಕೆ ಬಂದಾಗ ಅತ್ತೆ ಬ್ಯಾಗನ್ನು ಕೆಸರಲ್ಲೇ ಬಿಟ್ಟು, ಹುಡುಗನ ತೋಳು ಹಿಡಿದು ನಿಂತಿದ್ದರು. ಅವನ ತುಟಿಯ ಸುತ್ತ ಮಣ್ಣು.

"ಏನ್ಲಾ ಇದು?"

"ಮಣ್ಣು, ಅತ್ತೆ."

"ಮಣ್ಣು ಕಾಣ್ತದೆ. ನಂಗೇನು ಕಣ್ಣಿಲ್ವಾ? ಅವ್ನ ಕೈ ನೋಡು."

ಹುಡುಗನ ಮುಷ್ಟಿಯಲ್ಲಿ ಹರಳು ಕಾಯಿಯ ಒಣಗಿದ ಸಿಪ್ಪೆ ಇತ್ತು. ಮುಳ್ಳು ಮುಳ್ಳು ಸಿಪ್ಪೆ, ಬಿರಿದಿತ್ತು. ಒಳಗೆ ಬೀಜ ಇರಲಿಲ್ಲ.

"ಬಾಯ್ ತಗಿ ಕಂದ, ಆ ಅನ್ನು" ಎಂದು ಅತ್ತೆ ಅವನ ಬಾಯಿಗೆ ಬೆರಳು ಹಾಕಿ ತಡಕಿದರು. ಏನೂ ಇರಲಿಲ್ಲ. ಅವನು ಬೆದರಿ ತುಟಿ ಬಿಗಿದುಕೊಂಡ.

ಅಮ್ಮ ಓಡಿಬಂದಳು. "ಬುಡಿ ಬೀಗಿತೇರೇ, ಅರಳೆಣ್ಣೆ ಕುಡಿಸ್ಕಂಡೇ ಮಕ್ಳು ಸಾಕಿಲ್ವಾ ನಾವು? ಬೀಜ ತಿಂದ್ರೆ ಏನಾಯ್ತದೆ?"

"ಎಣ್ಣೆ ಬ್ಯಾರೆ, ಬೀಜ ಬ್ಯಾರೆ!" ಅತ್ತೆಯ ದನಿ ಆ ದಿನ ಮೂಗಿನಿಂದ ಬರಲಿಲ್ಲ. "ನಮ್ ದನದ್ ಕರ ಅರಳ್ ಬೀಜ ತಿಂದು ನನ್ ತೊಡೆ ಮ್ಯಾಲೇ ಸತ್ತೋಯ್ತು. ಬೆಳಗ್ಗೆ ತಿಂತು, ಸಂಜೆಗಂಟ ಏನೂ ಇಲ್ಲ, ಆಮೇಕೆ ರಕ್ತ ಕಕ್ತು. ಆಟೋ ಕರಿ ಓಗ್ಲಾ!"

ನಾನು ಓಡಿದೆ. ವಾಪಸು ಬರುವಷ್ಟರಲ್ಲಿ ಅವರು ಹುಡುಗನ ಕೆಸರಿನ ಅಂಗಿ ಕಿತ್ತು ಒಗೆಯುವ ಕಲ್ಲಿನ ಮೇಲೆ ಎಸೆದು, ಮುಖ ತೊಳೆದು, ಬ್ಯಾಗಿನಿಂದ ಹೊಸ ಕೋಟಿನಂಥ ಅಂಗಿ ತೆಗೆದು ತೊಡಿಸಿ, ಚಡ್ಡಿಯ ಮೇಲೇ ಹೊಸ ಪ್ಯಾಂಟು ಎಳೆದಿದ್ದರು. ಎಳೆಕೂಸಿನ ತೊಟ್ಟಿಲ ಶಾಸ್ತ್ರಕ್ಕೆ ಅಣ್ಣನಿಗೂ ಇರಲಿ ಎಂದು ತಂದದ್ದು. ಅಕ್ಕ ಕಿವಿಗೆ ಬಟ್ಟೆ ಕಟ್ಟಿಕೊಂಡು ಹಿತ್ತಿಲ ಬಾಗಿಲಿಗೆ ಬಂದಿದ್ದಳು. "ಏನಾಯ್ತು, ಏನ್ ತಿಂದ?" ಎಂದು ಕೇಳುತ್ತಲೇ ಇದ್ದಳು. ಉತ್ತರ ಗೊತ್ತಿದ್ದವನೊಬ್ಬ ಮಾತಾಡುತ್ತಿರಲಿಲ್ಲ.

ಆಟೋದಲ್ಲಿ ಅತ್ತೆ ಅವನನ್ನು ಎದೆಗೆ ಒತ್ತಿಕೊಂಡು ಕೂತಿದ್ದರು. ಡ್ರೈವರಿನ ಪಕ್ಕದಲ್ಲಿ ಅರ್ಧ ಕುಂಡೆ ಊರಿ ಕೂತು ನಾನು ತಿರುಗಿ ತಿರುಗಿ ನೋಡುತ್ತಿದ್ದೆ. ಪ್ರತಿ ಗುಂಡಿಗೂ ಅವನ ತಲೆ ಕುಣಿದಾಗ ವಾಂತಿ ಬಂತೇನೋ ಅನ್ನಿಸುತ್ತಿತ್ತು. ನನ್ನ ತಲೆಯೊಳಗೆ ಒಂದೇ ಸದ್ದು: ಗುಳುಂ. ಅಗೀಬ್ಯಾಡ, ನುಂಗು ಎಂದು ಕಲಿಸಿದವನು ನಾನು. ದನದ ಮೈಗೆ ಹತ್ತುವ ಉಣ್ಣೆಹುಳುವಿನ ಹಾಗೆ ಹೊಳೆಯುವ ಚುಕ್ಕೆ ಬೀಜ ಕೈಗೆ ಸಿಕ್ಕಿದರೆ ಅವನು ಏನು ಮಾಡಿರುತ್ತಾನೆ? ಮುದ್ದೆಗೆ ಬದಲು ಅದನ್ನೇ ಉಂಡಿದ್ದರೆ?

"ಅತ್ತೆ..."

"ಬಾಯ್ ಮುಚ್ಕಂಡು ಕೂತ್ಕೊ. ನಿನ್ ಬಾಯೇ ಆಯ್ತು ನಿಮ್ಮನೇಲಿ."

ನಂಜನಗೂಡಿನ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಂಗಸು. ಹೊಟ್ಟೆ ಒತ್ತಿ ನೋಡಿದರು, ಕಣ್ಣಿಗೆ ಟಾರ್ಚು ಬಿಟ್ಟರು.

"ಎಷ್ಟು ಬೀಜ?"

"ಗೊತ್ತಿಲ್ಲ ಮೇಡಂ" ಎಂದೆ.

"ಅಗಿದು ತಿಂದನಾ, ಹಾಗೇ ನುಂಗಿದನಾ? ಅದು ಮುಖ್ಯ. ಇಡಿಯಾಗಿ ನುಂಗಿದ್ರೆ ಎಷ್ಟೋ ಸಲ ಹಾಗೇ ಹೊರಗೆ ಹೋಗುತ್ತೆ. ಅಗಿದಿದ್ರೆ ವಿಷ. ಈಗ ಚೆನ್ನಾಗಿ ಕಂಡ್ರೂ ಆಮೇಲೆ ಶುರುವಾಗಬಹುದು. ಅವನನ್ನೇ ಕೇಳಿದ್ರಾ? ಮಾತಾಡ್ತಾನಾ?"

ಅತ್ತೆ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

"ಆಡ್ತಿದ್ದ" ಎಂದರು ಅತ್ತೆ.

ಡಾಕ್ಟರು ನರ್ಸಿಗೆ ಏನೋ ಹೇಳಿ ಹೋದರು. ಹುಡುಗ ಹೊಸ ಅಂಗಿಯ ಗಡಸು ಕಾಲರಿನಲ್ಲಿ ಕುತ್ತಿಗೆ ಹುದುಗಿಸಿಕೊಂಡು ಅತ್ತೆಯ ಮಡಿಲಲ್ಲಿ ಕೂತಿದ್ದ. ನಾನು ಮುಂದೆ ಕುಕ್ಕರಿಸಿದೆ. "ಕಂದ, ಬೀಜ ಎಲ್ಲೋಯ್ತು? ಮಾಮಂಗೆ ತೋರ್ಸು." ಅವನು ನನ್ನನ್ನು ಅಪರಿಚಿತನಂತೆ ನೋಡಿದ. ಮನೆಯ ಕೋಣೆಯ ಬಾಗಿಲ ಮುಂದೆ ನಿಂತಾಗ ಇರುತ್ತಿದ್ದ ಕಣ್ಣು.

ಕೇಳಿದರೆ ಇವನು ಹೇಳುವವನಲ್ಲ. ಅದು ನನಗೆ ಗೊತ್ತಿದ್ದ ಒಂದೇ ವಿಷಯ. ನಾನು ಆಸ್ಪತ್ರೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಅಪ್ಪನ ಕೆಮ್ಮು ಕೆಮ್ಮಿದೆ. ಇಲ್ಲದ ತಟ್ಟೆಯ ಮುಂದೆ ಬಗ್ಗಿ ಇಲ್ಲದ ಮುದ್ದೆ ಮುರಿದೆ. ಬೆಂಚಿನ ಮೇಲೆ ಕೂತಿದ್ದ ಜನ ತಿರುಗಿದರು. ಜೀವನದಲ್ಲಿ ಅಂಥ ಕೆಟ್ಟ ಪ್ರೇಕ್ಷಕರು ನನಗೆ ಸಿಕ್ಕಿಲ್ಲ, ಅಂಥ ಕೆಟ್ಟ ಕೆಮ್ಮೂ ನಾನು ಕೆಮ್ಮಿಲ್ಲ.

"ಥೂ, ನಿನ್ ಮನೆ ಕಾಯ್ವಾಗ! ಈವತ್ತೂ ಕೋತಿ ಆಟವಾ?" ಎಂದು ಅತ್ತೆ ಕಾಲಿನಿಂದ ನನ್ನ ಮಂಡಿಗೆ ತಿವಿದರು.

ಹುಡುಗ ಅವರ ಮಡಿಲಿನಿಂದ ಜಾರಿದ. ನನ್ನ ಎದುರು ಬಂದು ಚಕ್ಕಳಮಕ್ಕಳ ಹಾಕಿದ. ಕೆಮ್ಮಿದ. ನೆಲದಿಂದ ಸಣ್ಣದೇನನ್ನೋ ಎರಡು ಬೆರಳಲ್ಲಿ ಎತ್ತಿಕೊಂಡ. ಮುದ್ದೆಯ ತುತ್ತಿಗೆ ಐದೂ ಬೆರಳು ಹಾಕುತ್ತಿದ್ದವನು ಈಗ ಎರಡೇ ಬೆರಳು. ಬೀಜವೇ ಅದು. ಬಾಯಿಗೆ ತಂದ.

"ಗುಳುಂ."

ಅತ್ತೆ ಎದೆಯ ಮೇಲೆ ಕೈ ಇಟ್ಟುಕೊಂಡರು. "ನುಂಗವ್ನೆ. ಅಯ್ಯೋ ನಮ್ಮಪ್ಪ, ನುಂಗವ್ನೆ."

ಇನ್ನೊಂದನ್ನು ಎತ್ತಿಕೊಂಡ. ಗುಳುಂ. ಮತ್ತೊಂದು ಗುಳುಂ. ಆ ಮೂರನೆಯದಕ್ಕೆ ಅವನು ಮುಖ ಸಿಂಡರಿಸಿ, ಕುತ್ತಿಗೆ ತಿರುಗಿಸಿ, ಕಾಲರನ್ನು ಹಿಡಿದು ಜಗ್ಗಿದ. ಆಗ ನಾನು ಎಲ್ಲರಂತೆ ಅವನ ಬಾಯನ್ನೇ ನೋಡುತ್ತಿದ್ದೇನೆ ಎಂಬುದು ಗೊತ್ತಾಯಿತು. ಕೈ ನೋಡಿದೆ. ಕೈ ಕಿವಿಯ ಪಕ್ಕದಿಂದ ಹಿಂದೆ ಹೋಗಿ ಗಡಸು ಕಾಲರಿಗೆ ತಾಗಿ ನಿಂತಿತ್ತು. ಒಳಗೆ ಹೋಗಲು ದಾರಿ ಇಲ್ಲದೆ ಅವನಿಗೆ ಸಿಟ್ಟು ಬಂದಿತ್ತು.

"ಅತ್ತೆ, ಅಂಗಿ! ಬಿಚ್ಚಿದ ಅಂಗಿ ಎಲ್ಲಿ?"

"ಯಾವ್ ಅಂಗೀಲಾ?"

ನಾನು ಆಗಲೇ ಮನೆಗೆ ಫೋನು ಮಾಡಿದ್ದೆ.

"ಅಮ್ಮ, ಮೊಗೀನ್ ಅಂಗಿ ಎಲ್ಲದೆ?"

"ಅಂಗಿ ಕಟ್ಕೊಂಡು ಏನಾಗ್ಬೇಕು ಈಗ? ಮೊಗ ಎಂಗದೆ ಏಳು ಮೊದ್ಲು."

"ಅಂಗಿ ಎಲ್ಲದೆ ಅಮ್ಮ?"

"ಕೈ ಕಾಲು ಆಡ್ಲಿಲ್ಲ, ಕೂತಿರಕ್ಕಾಗ್ದೆ ಒಗ್ದಾಕ್ದೆ ಕಣ್ಲಾ. ತಂತಿ ಮ್ಯಾಗದೆ."

"ಬೀಜ ಏನಾದ್ರೂ ಬಿತ್ತಾ?"

"ನಾನ್ಯಾಕ್ ನೋಡ್ಲಿ? ನೀರು ಬಾಳೆ ಬುಡುಕ್ಕೆ ಸುರುದ್ಬುಟ್ಟೆ."

ಬಾಳೆಯ ಬುಡ. ಕೆಸರು. ಅದರ ಮೇಲೆ ಕೋಳಿಗಳು. ನಾನು ವಿವರಿಸಲು ಹೊರಟೆ. ಯಾವತ್ತೂ ತೊದಲದ ನನ್ನ ನಾಲಿಗೆ ತೊದಲಿತು. ಅತ್ತೆ ಫೋನು ಕಿತ್ತುಕೊಂಡರು. ಅವರಿಗೆ ಅರ್ಥವಾಗಿಬಿಟ್ಟಿತ್ತು.

"ಒಸಿ ಕೇಳಿಲ್ಲಿ ಬೀಗಿತೇರೇ. ಕೋಳಿ ಓಡ್ಸಿ. ಬೀಜ ಆಮೇಲೆ. ಮೊದ್ಲು ಗಿಡದ್ ತವ ಒಡ್ದಿರೋ ಸಿಪ್ಪೆ ಎಷ್ಟವೆ ಅಂತ ನೋಡಿ. ಒಂದ್ ಕಾಯ್ಗೆ ಮೂರೇ ಬೀಜ, ಜಾಸ್ತಿ ಇರಕ್ಕಿಲ್ಲ."

ಸ್ಪೀಕರಿನಲ್ಲಿ ಕೋಳಿಗಳ ಕಿರುಚಾಟ ಕೇಳಿತು. ಆಮೇಲೆ ಅಕ್ಕನ ದನಿ. "ತಣ್ಣೀರ್ಗೆ ಇಳೀಬ್ಯಾಡ ಕಣೆ" ಎಂದು ಅಮ್ಮ ಕೂಗಿದಳು. "ಸುಮ್ನಿರಮ್ಮ ನೀನು" ಎಂದಳು ಅಕ್ಕ. ಬಾಣಂತಿ ಹಿತ್ತಿಲಿನ ಕೆಸರಿಗೆ ಇಳಿದಿದ್ದಳು. ಬಹಳ ಹೊತ್ತು ಬರೀ ಮಣ್ಣು ಕೆದಕುವ ಸದ್ದು, ಅವಳ ಏದುಸಿರು. ಹುಡುಗ ಫೋನಿನ ಕಡೆ ತಲೆ ವಾಲಿಸಿ ಕೇಳುತ್ತಿದ್ದ.

"ಸಿಪ್ಪೆ ಒಂದದೆ ಅತ್ತೆ" ಎಂದಳು ಅಕ್ಕ. "ಇನ್ನೆಲ್ಲೂ ಕಾಣೆ. ಗಿಡದ್ ಸುತ್ತ ನೋಡ್ದೆ."

"ಕೈಲಿದ್ದಿದ್ದು ಒಂದು. ಅಲ್ಲಿಗೆ ಆರು. ಬೀಜ ಎಷ್ಟವೆ?"

"ಅಂಗೀ ಮಡಿಕೇಲೇ ಎರಡದೆ... ಬಾಳೆ ತವ ಒಂದು. ಇನ್ನೊಂದು. ತಾಳಿ... ಐದು. ಐದವೆ ಅತ್ತೆ. ಒಡ್ದಿಲ್ಲ, ಇಡೀವೇ ಅವೆ."

"ಆರನೇದು?"

ಮತ್ತೆ ಕೆದಕುವ ಸದ್ದು. ಡಾಕ್ಟರು ಬಂದು ನಮ್ಮ ಪಕ್ಕದಲ್ಲಿ ನಿಂತಿದ್ದರು. ಕೋಳಿ ತಿಂದಿರಬಹುದು, ಕೆಸರಲ್ಲಿ ಹೂತಿರಬಹುದು, ಅಥವಾ. ಆ 'ಅಥವಾ'ದಿಂದ ಮುಂದಕ್ಕೆ ಯೋಚನೆ ಹೋಗುತ್ತಿರಲಿಲ್ಲ. "ಇಲ್ಲ ಅತ್ತೆ, ಇಲ್ಲ" ಎಂದು ಅಕ್ಕ ಅಳತೊಡಗಿದಳು.

ಅತ್ತೆ ಫೋನನ್ನು ಬೆಂಚಿನ ಮೇಲಿಟ್ಟರು. ಹುಡುಗನನ್ನು ಎಳೆದು ನಿಲ್ಲಿಸಿ ಅವನ ಬೆನ್ನಿನ ಮೇಲೆ ಕೈಯಾಡಿಸಿದರು. ನಿಧಾನವಾಗಿ, ಪೈರಿನ ನಡುವೆ ಕಳೆ ತಡಕುವವರ ಹಾಗೆ. ಹೊಸ ಪ್ಯಾಂಟಿನೊಳಗೆ, ಹಳೆಯ ಚಡ್ಡಿಯ ಎಲಾಸ್ಟಿಕ್ಕಿನ ಹತ್ತಿರ ಕೈ ನಿಂತಿತು. ಎರಡು ಬೆರಳು ತೂರಿಸಿ ಹೊರಗೆ ತೆಗೆದರು. ಕೆಸರು ಒಣಗಿ ಹತ್ತಿಕೊಂಡಿದ್ದ ಒಂದು ಚುಕ್ಕೆ ಬೀಜ.

ಅವರು ಅದನ್ನು ಸೆರಗಿನಿಂದ ಒರೆಸಿ, ಉಗುರಿನಿಂದ ಸುತ್ತಲೂ ಗೀರಿ ನೋಡಿ, ಡಾಕ್ಟರಿಗೆ ಕೊಟ್ಟರು. ಆಮೇಲೆ ಬೆಂಚಿನ ಮೇಲೆ ಕೂತು ಮುಖ ಮುಚ್ಚಿಕೊಂಡರು. ಅತ್ತೆಯ ಎಲ್ಲ ಭಂಗಿಗಳೂ ನನ್ನ ಹತ್ತಿರ ಇವೆ, ಅದೊಂದನ್ನು ಮಾತ್ರ ಇಟ್ಟುಕೊಂಡಿಲ್ಲ.

ಡಾಕ್ಟರು ಸಂಜೆಯವರೆಗೆ ನಮ್ಮನ್ನು ಬಿಡಲಿಲ್ಲ. ಬೇರೆ ಎಲ್ಲಾದರೂ ಸಿಪ್ಪೆ ಬಿದ್ದಿದ್ದರೆ ಎಂಬ ಅನುಮಾನ ಅವರಿಗೂ ಇತ್ತು, ನಮಗೂ. ವಾಂತಿ ಬರಲಿಲ್ಲ, ಭೇದಿ ಇಲ್ಲ. ಕೊನೆಗೆ, ಏನಾದರೂ ಕಂಡರೆ ತಕ್ಷಣ ಕರೆದುಕೊಂಡು ಬನ್ನಿ ಎಂದು ಹೇಳಿ ಕಳಿಸಿದರು. ಆಟೋದಲ್ಲಿ ಅತ್ತೆ ಒಂದೇ ಮಾತು ಆಡಿದ್ದು.

"ತಪ್ಪು ಮಣ್ಣಿಂದಲ್ಲ ಕಣ್ಲಾ. ನೀನು ಮೊಗೀನ್ ಬುಟ್ಟು ಎದ್ದೋದೆ ನೋಡು, ಅದು."

ನಾನು ಕೈ ಚಾಚಿ ಹುಡುಗನ ಕಾಲರಿನ ಗುಂಡಿ ಬಿಚ್ಚಿದೆ.

ಭಾನುವಾರ ಬೆಳಿಗ್ಗೆ ಎದ್ದಾಗ ಹಿತ್ತಿಲಿನಿಂದ ಕಡಿಯುವ ಸದ್ದು ಬರುತ್ತಿತ್ತು. ಅತ್ತೆ ಸೀರೆ ಎತ್ತಿಕಟ್ಟಿ, ಅಪ್ಪನ ಮಚ್ಚು ಹಿಡಿದು ಹರಳು ಗಿಡವನ್ನು ಬುಡದವರೆಗೆ ಕಡಿದು, ಗುದ್ದಲಿ ತರಿಸಿ ಬೇರೂ ಕಿತ್ತರು. ಅಮ್ಮ ಎಣ್ಣೆಯ ಮಾತೆತ್ತಲಿಲ್ಲ. ಗೋಡೆಯ ಉದ್ದಕ್ಕೂ ಅತ್ತೆ ಒಂದೊಂದು ಗಿಡ ಬಗ್ಗಿಸಿ ನೋಡಿ, ಎಲ್ಲಿಂದಲೋ ಬಂದಿದ್ದ ಉಮ್ಮತ್ತಿಯ ಸಸಿಯನ್ನೂ ಕಿತ್ತು ನನ್ನ ಕೈಗೆ ಕೊಟ್ಟರು. "ಸುಟ್ಟಾಕು." ಆಮೇಲೆ ಒಗೆಯುವ ಕಲ್ಲಿನ ಮೇಲೆ ಕೂತು ಕಾಲು ಇಳಿಬಿಟ್ಟರು. ಬಿರುಕು ಬಿಟ್ಟ ಹಿಮ್ಮಡಿ ಕೆಸರಿಗೆ ತಾಗಿತು. ಅವರ ಬ್ಯಾಗು, ಮೊಮ್ಮಗನ ಬಟ್ಟೆಯ ಬ್ಯಾಗು ಎರಡೂ ಬಾಗಿಲ ಬಳಿ ಸಿದ್ಧವಾಗಿದ್ದವು. ಬಾಗಿಲಲ್ಲೇ ಅಕ್ಕ ಕೂತಿದ್ದಳು. ತಣ್ಣೀರಿಗೆ ಇಳಿದದ್ದಕ್ಕೆ ಅಮ್ಮ ಅವಳ ಕಿವಿಗೆ ಎರಡು ಬಟ್ಟೆ ಕಟ್ಟಿದ್ದಳು.

"ಅದೇನೋ ಮುದ್ದೆ ಕಟ್ತೀರಂತಲ್ಲ" ಎಂದರು ಅತ್ತೆ. "ನೋಡುವಾ."

ಹುಡುಗ ನನ್ನ ಅಪ್ಪಣೆಗೆ ಕಾಯಲಿಲ್ಲ. ಬಾಳೆಯ ಬುಡದಲ್ಲಿ ಕೂತು ಎರಡೂ ಕೈಯಲ್ಲಿ ಉರುಳಿಸಿ, ಒಂದು ವಕ್ರ ಮುದ್ದೆ ಕಟ್ಟಿ ಅಜ್ಜಿಯ ಅಂಗೈಯಲ್ಲಿ ಇಟ್ಟ. ಎದುರು ನಿಂತು ಕಾದ. ಅತ್ತೆ ನನ್ನನ್ನು ನೋಡಿದರು. ನಾನು ಕೈ ಹೋಗಬೇಕಾದ ದಾರಿ ತೋರಿಸಿದೆ. ಅವರು ತುತ್ತು ಮುರಿದು ಬಾಯಿಯ ತನಕ ತಂದು ಗುಳುಂ ಎನ್ನುವ ಬದಲು ಏನೋ ಬಿಕ್ಕಿದ ಹಾಗೆ ಸದ್ದು ಮಾಡಿ, ಕೈ ಹಿಂದಕ್ಕೆ ಒಯ್ದರು. ಮಣ್ಣು ಅರ್ಧ ರವಿಕೆಯೊಳಗೆ, ಅರ್ಧ ಜಡೆಯ ಮೇಲೆ. ನಾನು ನೋಡಿದ ಅತ್ಯಂತ ಕಳಪೆ ಪ್ರದರ್ಶನ.

ಹುಡುಗ ತೃಪ್ತನಾಗಿ ಇನ್ನೊಂದು ಕಟ್ಟಿದ. ಅದನ್ನು ಎರಡೂ ಕೈಯಲ್ಲಿ ಹಿಡಿದು, ಕಲ್ಲು ದಾಟಿ, ನನ್ನನ್ನು ದಾಟಿ, ಬಾಗಿಲಿಗೆ ಹೋದ. ಅಕ್ಕ ಕೈ ಚಾಚಿದಳು. ಅವನು ಕೊಡಲಿಲ್ಲ. ಮುದ್ದೆಯನ್ನು ಎದೆಗೆ ಒತ್ತಿ ಹಿಡಿದು, ಹುಬ್ಬು ಗಂಟು ಹಾಕಿ, ಮೂಗಿನಿಂದ ಎಳೆದು ಹೇಳಿದ:

"ಒಚಿ ಕೇಯಿಲ್ಲಿ. ಅಮ್ಮ, ಅಗೀಬ್ಯಾಡ."

ಅಕ್ಕ ಅವನನ್ನು ಮುದ್ದೆಯ ಸಮೇತ ಬಾಚಿಕೊಂಡಳು. ಅಮ್ಮ ಬಚ್ಚಲ ಕಡೆ ತಿರುಗಿದಳು, ಭುಜ ಕುಲುಕುತ್ತಿತ್ತು, ಅಳುವೋ ನಗುವೋ. ಅತ್ತೆ ಕಲ್ಲಿನ ಮೇಲೆ ಕೂತಲ್ಲೇ ಕೂತಿದ್ದರು.

"ಇದ್ಯಾರ್ ದನಿ?" ಎಂದರು.

ಎಲ್ಲರೂ ನನ್ನನ್ನೇ ನೋಡಿದರು. ಆ ಮನೆಯಲ್ಲಿ ಮೊದಲ ಬಾರಿಗೆ ನನಗೆ ಯಾವ ಪ್ರಾಣಿಯ ಸದ್ದೂ ನೆನಪಾಗಲಿಲ್ಲ.

"ನಾನು ಇಂಗ್ ಮಾತಾಡ್ತೀನೇನ್ಲಾ?"

"ಇಲ್ಲ ಅತ್ತೆ. ಇನ್ನೊಸಿ ಮೂಗು ಬೇಕು."

ರಸ್ತೆಯಲ್ಲಿ ನಂಜನಗೂಡಿನ ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು. ಅಕ್ಕ ತಲೆ ಎತ್ತಿ ಬಾಗಿಲ ಬಳಿಯ ಬ್ಯಾಗುಗಳನ್ನು ನೋಡಿದಳು. ಅತ್ತೆಯೂ ನೋಡಿದರು.

"ಮುಂದಿನ್ ಬಸ್ಗೆ ನಾನೊಬ್ಳೇ ಓಗ್ತೀನಿ" ಎಂದು ಜಡೆಯ ಮಣ್ಣು ಕೊಡವಿದರು. "ಅವ್ನ್ ಬಟ್ಟೆ ಒಳಿಕ್ ಮಡಗು. ಆ ಕೋಟ್ ಅಂಗಿ ಹಾಕ್ಬ್ಯಾಡಿ, ಕಾಲರ್ ಒತ್ತದೆ."